ಧೃತರಾಷ್ಟ್ರನ ಪಾತ್ರ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದ ನಾಟಕ ತಂಡಗಳ ನಿರ್ದೇಶಕರಿಗೆ, ಯಕ್ಷಗಾನ ಮೇಳದವರಿಗೆ, ಪೌರಾಣಿಕ ಧಾರಾವಾಹಿ ಬರೆಯುವವರಿಗೆ, ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಗದಗ ಜಿಲ್ಲೆಯವನು. ಕಣ್ಣು ಕಾಣದ ತಂದೆಯ ಮಗ. ಮಹಾಭಾರತದ ಆಟ ಎಲ್ಲೇ ಇದ್ದರೂ ಹೋಗಿ ನೋಡುವ ಅಭ್ಯಾಸ ಚಿಕ್ಕಂದಿನಿಂದ ಇದೆ. ಈ ಎರಡು ಕಾರಣಕ್ಕೆ ನಿಮಗೆ ಬರೆಯುತ್ತಿದ್ದೇನೆ. ಧೃತರಾಷ್ಟ್ರ ಮತ್ತು ದುರ್ಯೋಧನನ ನಡುವೆ ಒಂದು ದೊಡ್ಡ ನಾಟಕ ಇದೆ. ಕಣ್ಣಿಲ್ಲದ ಅಪ್ಪ ಮತ್ತು ಆ ಅಪ್ಪನಿಗೆ ಆದ ಅನ್ಯಾಯವನ್ನೇ ಹೊತ್ತು ಬೆಳೆದ ಮಗನ ನಾಟಕ. ನಾನು ನೋಡಿದ ಆಟಗಳಲ್ಲಿ ಅದು ಬರಲೇ ಇಲ್ಲ. ದಯವಿಟ್ಟು ಅದನ್ನು ಆಡಿ. ಆಡುವಾಗ ಧೃತರಾಷ್ಟ್ರನನ್ನು ಪೂರ್ತಿ ಮನುಷ್ಯನನ್ನಾಗಿ ಆಡಿಸಿ.

ಈಗ ರಂಗದ ಮೇಲೆ ಏನಾಗುತ್ತದೆ ನೋಡಿ. ಧೃತರಾಷ್ಟ್ರ ಬರುತ್ತಾನೆ. ಎರಡೂ ಕೈ ಮುಂದೆ ಚಾಚಿರುತ್ತಾನೆ. ತನ್ನದೇ ಅರಮನೆಯಲ್ಲಿ ತಡವರಿಸುತ್ತಾನೆ. ಸಿಂಹಾಸನ ಹುಡುಕಿಕೊಂಡು ಪಕ್ಕದಲ್ಲಿ ಕೂರಲು ಹೋಗುತ್ತಾನೆ, ಯಾರೋ ಹಿಡಿದು ಕೂರಿಸುತ್ತಾರೆ. ಜನ ನಗುತ್ತಾರೆ. ಆಮೇಲೆ ಅವನು ‘ಸಂಜಯಾ, ಏನಾಯಿತು ಹೇಳು’ ಅನ್ನುತ್ತಾನೆ. ಅಲ್ಲಿಗೆ ಪಾತ್ರ ಮುಗಿಯಿತು. ಉಳಿದ ಹೊತ್ತೆಲ್ಲ ಅವನ ಕುರುಡುತನ ಅಂದರೆ ಮಗನ ಮೇಲಿನ ಕುರುಡು ಮೋಹ, ಅಷ್ಟೇ. ಕಣ್ಣಿಲ್ಲದವನಿಗೆ ವಿವೇಕವೂ ಇಲ್ಲ ಅನ್ನೋ ಹಾಗೆ. ಪೇಪರಿನವರೂ ರಾಜಕಾರಣಿಯೊಬ್ಬ ಮಗನಿಗೆ ಟಿಕೆಟ್ ಕೊಡಿಸಿದರೆ ‘ಧೃತರಾಷ್ಟ್ರ ಪ್ರೇಮ’ ಅಂತ ಬರೆಯುತ್ತಾರೆ. ಆ ರಾಜಕಾರಣಿಗೆ ಎರಡೂ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತವೆ.

ನಮ್ಮ ಅಪ್ಪನಿಗೆ ಗ್ಲಾಕೋಮಾ ಆಗಿತ್ತು. ಅದು ಹೆಚ್ಚಾಗಿ ನೋವು ಕೊಡದೆ ಬರುವ ಕಣ್ಣಿನ ಕಾಯಿಲೆ. ಮೊದಲು ಪಕ್ಕದ ದೃಷ್ಟಿ ಹೋಗುತ್ತದೆ, ನಡುವಿನದ್ದು ಕೊನೆಗೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು, ಬಾಗಿಲಿಗೇ ಬೈಯುತ್ತಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜಾಸ್ತಿ ಉಳಿದಿರಲಿಲ್ಲ. ಆಮೇಲೆ ಅದೂ ಹೋಯಿತು.

ಅವರು ಮನೆಯಲ್ಲಿ ಎಂದೂ ಕೈ ಚಾಚಿ ನಡೆದವರಲ್ಲ. ಬಲಗೈ ಬೆರಳಿನ ಹಿಂಭಾಗವನ್ನು ಗೋಡೆಗೆ ಹಗುರವಾಗಿ ಸವರಿಕೊಂಡು ನಡೆಯುತ್ತಾರೆ. ಬೆರಳ ತುದಿ ತಾಗಿಸುವುದಿಲ್ಲ. ಗೋಡೆಯಲ್ಲಿ ಮೊಳೆಯೋ ಸಿಬಿರೋ ಇದ್ದರೆ ತುದಿಗೆ ಗಾಯ ಆಗಬಾರದು. ನೋಟು ಗುರುತಿಸೋದು, ಅಕ್ಕಿಯ ಗುಣಮಟ್ಟ ನೋಡೋದು, ಮೊಮ್ಮಗಳ ಜ್ವರ ನೋಡೋದು, ಎಲ್ಲ ಆ ತುದಿಯಿಂದಲೇ. ಅಡುಗೆಮನೆಯಿಂದ ಪಡಸಾಲೆಗೆ ಅವರು ನನಗಿಂತ ಬೇಗ ಬರುತ್ತಾರೆ. ಕರೆಂಟ್ ಹೋದಾಗಂತೂ ಮನೆಯಲ್ಲಿ ಸರಿಯಾಗಿ ಓಡಾಡುವವರು ಅವರೊಬ್ಬರೇ.

ಇನ್ನೊಂದು ವಿಷಯ. ನಾನು ಮಾತಾಡಿಸಿದರೆ ಅಪ್ಪ ಮುಖ ತಿರುಗಿಸುವುದಿಲ್ಲ, ಕಿವಿ ತಿರುಗಿಸುತ್ತಾರೆ. ಆಗ ಮುಖ ಬೇರೆ ಕಡೆ ಹೋಗುತ್ತದೆ. ನೋಡಿದವರಿಗೆ ಮುನಿಸಿಕೊಂಡ ಹಾಗೆ, ಮಾತು ಬೇಡ ಅಂದ ಹಾಗೆ ಕಾಣುತ್ತದೆ. ನಿಜವಾಗಿ ಅದು ಅವರು ತುಂಬಾ ಗಮನ ಕೊಟ್ಟು ಕೇಳುತ್ತಿರುವ ಹೊತ್ತು. ನಿರ್ದೇಶಕರೇ, ಇದನ್ನು ರಂಗದ ಮೇಲೆ ಇಟ್ಟು ನೋಡಿ. ದುರ್ಯೋಧನ ಅಪ್ಪನ ಮುಂದೆ ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಕೊಳ್ಳುತ್ತಿದ್ದಾನೆ. ಧೃತರಾಷ್ಟ್ರ ಒಂದು ಅಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಾನೆ. ಮಗನಿಗೆ ಕಾಣುವುದು ಮಾತ್ರ ಆಚೆ ತಿರುಗಿದ ಮುಖ. ಅವರಿಬ್ಬರ ನಡುವಿನ ಅಷ್ಟೂ ತಪ್ಪು ತಿಳುವಳಿಕೆ ಆ ಒಂದು ಭಂಗಿಯಲ್ಲಿ ಬರುತ್ತದೆ. ಒಂದು ಮಾತೂ ಜಾಸ್ತಿ ಬರೆಯಬೇಕಾಗಿಲ್ಲ.

ಈಗ ಮಗನ ವಿಷಯಕ್ಕೆ ಬರೋಣ. ದುರ್ಯೋಧನನ ಸಿಟ್ಟು ಎಲ್ಲಿಂದ ಬಂತು? ಮಯಸಭೆಯಲ್ಲಿ ನೀರಿಗೆ ಬಿದ್ದಾಗ ದ್ರೌಪದಿ ‘ಕುರುಡನ ಮಗನೂ ಕುರುಡ’ ಅಂದಳು, ಅದಕ್ಕೇ ಯುದ್ಧ ಆಯಿತು ಅಂತ ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ವ್ಯಾಸಭಾರತದಲ್ಲಿ ದ್ರೌಪದಿ ಈ ಮಾತು ಆಡುವುದಿಲ್ಲ. ಅಲ್ಲಿರುವುದು ನಗು ಮಾತ್ರ. ಮಾತು ಆಮೇಲೆ ಸೇರಿಕೊಂಡಿದ್ದು. ಟಿವಿ ಬಂದ ಮೇಲೆ ಅದೇ ಮೂಲ ಕಥೆ ಅನ್ನೋ ಹಾಗೆ ಮನೆಮನೆಗೆ ಹೋಯಿತು. ಕಣ್ಣಿಲ್ಲದವರ ಮಕ್ಕಳು ಶಾಲೆಯಲ್ಲಿ ಈ ಮಾತು ಕೇಳಿಸಿಕೊಳ್ಳುತ್ತಾರೆ. ನಾನೂ ಕೇಳಿಸಿಕೊಂಡಿದ್ದೇನೆ. ಮೂಲದಲ್ಲೇ ಇಲ್ಲದ ಒಂದು ಬೈಗುಳವನ್ನು ಚಪ್ಪಾಳೆಗಾಗಿ ಉಳಿಸಿಕೊಂಡು ಬರುವುದು ಬೇಡ. ಕೈಬಿಡಿ.

ನಿಜವಾದ ಕಾರಣ ಇನ್ನೂ ಹಿಂದೆ ಇದೆ, ಇನ್ನೂ ಆಳ ಇದೆ. ಧೃತರಾಷ್ಟ್ರ ಹಿರಿಯ ಮಗ. ಕಣ್ಣಿಲ್ಲ ಅನ್ನುವ ಕಾರಣಕ್ಕೆ ಪಟ್ಟ ತಮ್ಮ ಪಾಂಡುವಿಗೆ ಹೋಯಿತು. ಆದಿಪರ್ವದಲ್ಲಿ, ಅರಗಿನ ಮನೆಯ ಸಂಚಿಗೆ ಸ್ವಲ್ಪ ಮುಂಚೆ, ದುರ್ಯೋಧನ ಅಪ್ಪನ ಹತ್ತಿರ ಬಂದು ಇದನ್ನೇ ಎತ್ತುತ್ತಾನೆ. ಕಣ್ಣಿಲ್ಲ ಅಂತ ನಿನಗೆ ಬರಬೇಕಾದ ರಾಜ್ಯ ತಪ್ಪಿತು. ಈಗ ಪಾಂಡುವಿನ ಮಗನಿಗೆ ಸಿಕ್ಕರೆ ನಾಳೆ ಅವನ ಮಗನಿಗೆ, ಆಮೇಲೆ ಅವನ ಮಗನಿಗೆ. ನಾವು ತಲೆತಲಾಂತರ ಬೇರೆಯವರ ಕೂಳು ತಿಂದು ಬದುಕಬೇಕಾ? ಇದು ಅವನ ಮಾತಿನ ಸಾರ. ಆಮೇಲೆ ಅವನು ಮಾಡಿದ್ದು ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಶ್ನೆ ಪಾಪ ಅಲ್ಲ, ಅಲ್ವಾ? ಅಪ್ಪನ ದೇಹದ ಒಂದು ಕೊರತೆಗೆ ಊರು ಏನು ಬೆಲೆ ಕಟ್ಟಿತೋ ಅದನ್ನು ಮಗ ತೀರಿಸುತ್ತಾ ಬೆಳೆದಿದ್ದಾನೆ. ಆ ಸಿಟ್ಟು ಊರಿನ ಮೇಲೆ ಎಷ್ಟಿದೆಯೋ ಅಷ್ಟೇ ಅಪ್ಪನ ಮೇಲೂ ಇದೆ. ನೀನು ಯಾಕೆ ಕೇಳಲಿಲ್ಲ, ಯಾಕೆ ಸುಮ್ನೆ ಬಿಟ್ಟುಕೊಟ್ಟೆ ಅಂತ.

ಇದು ಹಳೆಯ ಕಾಲದ ವಿಷಯ ಅಂದುಕೊಳ್ಳಬೇಡಿ. ಕಣ್ಣು ಕಾಣದವರು ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವಂತಿಲ್ಲ ಅನ್ನುವ ನಿಯಮ ಮಧ್ಯಪ್ರದೇಶದಲ್ಲಿ ಇತ್ತು. ಅದನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2025ರ ಮಾರ್ಚ್ 3ರಂದು. ಆ ಪ್ರಕರಣ ಶುರುವಾಗಿದ್ದು ಕಣ್ಣು ಕಾಣದ ಮಗನಿಗಾಗಿ ಒಬ್ಬ ತಾಯಿ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದ. ಹಸ್ತಿನಾಪುರದಲ್ಲಿ ಯಾರೂ ಅಂಥ ಪತ್ರ ಬರೆಯಲಿಲ್ಲ.

ನಮ್ಮ ಮನೆಯ ಸಿಂಹಾಸನ ಅಂದರೆ ಕಿರಾಣಿ ಅಂಗಡಿಯ ಗಲ್ಲಾ. ಕಣ್ಣು ಹೋದ ಮೇಲೂ ಅಪ್ಪ ಅಲ್ಲೇ ಕೂತು ವ್ಯಾಪಾರ ಮಾಡಿದರು. ನೋಟಿನ ಒಂದು ತುದಿಯನ್ನು ಬೆರಳ ಸಂದಿಗೆ ಸಿಕ್ಕಿಸಿ, ಇನ್ನೊಂದು ತುದಿ ಎಲ್ಲಿಗೆ ಬರುತ್ತದೆ ಅಂತ ನೋಡಿ, ನೂರರದ್ದೋ ಐನೂರರದ್ದೋ ಹೇಳಿಬಿಡುತ್ತಿದ್ದರು. ಆಗಿನ 500ರ ನೋಟು 167 ಮಿಲಿಮೀಟರ್ ಉದ್ದ, 100ರದ್ದು 157. ಬೆರಳಿಗೆ ತಿಳಿಯುವಷ್ಟು ವ್ಯತ್ಯಾಸ. 2016ರ ನವೆಂಬರಿನಲ್ಲಿ ಹಳೆಯ 500ರ ನೋಟು ಹೋಯಿತು. ಹೊಸ ಸಾಲಿನ 500ರದ್ದು 150 ಮಿಲಿಮೀಟರ್, 200ರದ್ದು 146, 100ರದ್ದು 142. ಅಗಲ ಎಲ್ಲದಕ್ಕೂ 66. ನಾಲ್ಕು ನಾಲ್ಕು ಮಿಲಿಮೀಟರಿನ ಅಂತರ. ಅಂಚಿನಲ್ಲಿ ಉಬ್ಬು ಗೆರೆಗಳಿವೆ ನಿಜ, ಆದರೆ ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ ನೋಟಿನಲ್ಲಿ ಅವು ಸವೆದುಹೋಗಿರುತ್ತವೆ. ರಿಸರ್ವ್ ಬ್ಯಾಂಕು ನೋಟು ಗುರುತಿಸುವ ‘ಮನಿ’ (MANI) ಆ್ಯಪ್ ತಂದಿದ್ದು 2020ರ ಜನವರಿಯಲ್ಲಿ. ನಡುವೆ ಮೂರು ವರ್ಷ ಕಳೆದಿತ್ತು.

ಆ ಮೂರು ವರ್ಷದಲ್ಲಿ ನಮ್ಮ ಅಂಗಡಿಯಲ್ಲಿ ಏನಾಯಿತು ಅಂದರೆ, ಗಿರಾಕಿಗಳು ದುಡ್ಡನ್ನು ನನ್ನ ಕೈಗೆ ಕೊಡಲು ಶುರು ಮಾಡಿದರು. ಅಪ್ಪ ಗಲ್ಲಾದಲ್ಲಿ ಕೂತಿರುತ್ತಾರೆ, ಕೈ ಮುಂದೆ ಬಂದಿರುತ್ತದೆ. ನೋಟು ಆ ಕೈಯ ಮೇಲಿಂದ ದಾಟಿ ನನ್ನ ಹತ್ತಿರ ಬರುತ್ತದೆ. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಬೇಗ ಕೆಲಸ ಆಗಲಿ ಅಂತ ಅಷ್ಟೇ. ಆದರೆ ನೋಟಿನ ಸಪ್ಪಳ ತನ್ನ ಕೈ ದಾಟಿ ಹೋಗುವುದು ಅಪ್ಪನಿಗೆ ಕೇಳಿಸುತ್ತಿತ್ತು. ಒಂದು ದಿನ ಗಿರಾಕಿಗಳ ಮುಂದೆಯೇ ಕೂಗಿದರು. ‘ಅಂಗಡಿ ನಂದು. ರೊಕ್ಕ ನನ್ನ ಕೈಯಾಗ ಕೊಡ್ರಿ. ಇಂವ ಲೆಕ್ಕ ನೋಡಾವ, ಯಜಮಾನ ಅಲ್ಲ.’ ನಾನೂ ಸುಮ್ಮನಿರಲಿಲ್ಲ. ಹಾಗಾದರೆ ನೀವೇ ಎಣಿಸಿಕೊಳ್ಳಿ ಅಂದು ಎದ್ದು ಹೋದೆ. ಎಷ್ಟೋ ದಿನ ಮಾತಿಲ್ಲ. ಅಮ್ಮನ ಮೂಲಕವೇ ಎಲ್ಲ ವ್ಯವಹಾರ. ಅವಳು ಇಬ್ಬರ ನಡುವೆ ಸಂಜಯನ ಕೆಲಸ ಮಾಡಿದಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಪ್ಪ ಮಗನ ಜಗಳ ಅಂತ ನೀವು ಬರೆಯುವ ದೃಶ್ಯಗಳಲ್ಲಿ ಒಂದೋ ಮಗ ಕಟುಕ, ಇಲ್ಲವೋ ಅಪ್ಪ ಬಡಪಾಯಿ. ಕೊನೆಗೆ ಮಗ ಅಳುತ್ತಾನೆ, ಅಪ್ಪ ತಲೆ ಸವರುತ್ತಾನೆ, ಹಿನ್ನೆಲೆಯಲ್ಲಿ ಕೊಳಲು. ನಿಜವಾದ ಜಗಳ ಹಾಗಿರುವುದಿಲ್ಲ. ಅಲ್ಲಿ ಇಬ್ಬರದ್ದೂ ಸರಿ ಇರುತ್ತದೆ. ಅಪ್ಪನಿಗೆ ಕರುಣೆ ಬೇಡ, ಅಧಿಕಾರ ಬೇಕು. ಮಗನಿಗೆ ಹೊಗಳಿಕೆ ಬೇಡ, ಸ್ವಲ್ಪ ಹೊತ್ತು ಬಿಡುವು ಬೇಕು. ಅಪ್ಪ ಸಿಡುಕ ಆಗಿರಬಹುದು, ಹಟಮಾರಿ ಆಗಿರಬಹುದು. ಕಣ್ಣು ಹೋದ ಮಾತ್ರಕ್ಕೆ ಯಾರೂ ಸಾಧು ಆಗುವುದಿಲ್ಲ.

ವ್ಯಾಸರ ಧೃತರಾಷ್ಟ್ರ ಅಂಥ ಪೂರ್ತಿ ಮನುಷ್ಯ. ಉದ್ಯೋಗಪರ್ವದಲ್ಲಿ ಅವನಿಗೆ ಒಂದು ರಾತ್ರಿ ನಿದ್ದೆ ಬರುವುದಿಲ್ಲ. ವಿದುರನನ್ನು ಕರೆಸಿ ಕೂರಿಸಿಕೊಂಡು ಬೆಳಗಿನವರೆಗೆ ಮಾತಾಡುತ್ತಾನೆ. ಸರಿ ಯಾವುದು ಅಂತ ಗೊತ್ತು, ಮಗನನ್ನು ಬಿಡಲು ಆಗುವುದಿಲ್ಲ. ಇಡೀ ಒಂದು ಅಂಕ ಆಗುವಷ್ಟು ಸರಕು ಅಲ್ಲಿದೆ. ಭೀಷ್ಮಪರ್ವದಲ್ಲಿ ಇನ್ನೂ ದೊಡ್ಡದಿದೆ. ಯುದ್ಧಕ್ಕೆ ಮುಂಚೆ ವ್ಯಾಸರು ಬಂದು, ನೋಡುವ ಆಸೆ ಇದ್ದರೆ ಕಣ್ಣು ಕೊಡುತ್ತೇನೆ ಅನ್ನುತ್ತಾರೆ. ಅವನು ಬೇಡ ಅನ್ನುತ್ತಾನೆ. ನನ್ನವರು ಸಾಯುವುದನ್ನು ನೋಡಲಾರೆ, ಕೇಳುತ್ತೇನೆ ಅನ್ನುತ್ತಾನೆ. ಆಗ ದಿವ್ಯದೃಷ್ಟಿ ಸಂಜಯನಿಗೆ ಸಿಗುತ್ತದೆ. ಹುಟ್ಟಿದಾಗಿನಿಂದ ಕಣ್ಣಿಲ್ಲದವನು, ಕಣ್ಣಿಲ್ಲ ಅಂತ ರಾಜ್ಯ ಕಳೆದುಕೊಂಡವನು, ಕಣ್ಣು ಕೈಗೆ ಬಂದಾಗ ಬೇಡ ಅನ್ನುತ್ತಾನೆ. ಇಷ್ಟು ದೊಡ್ಡ ಗಳಿಗೆಯನ್ನು ರಂಗದ ಮೇಲೆ ನಿಲ್ಲಿಸಿ ತೋರಿಸಬೇಕು ಅಂತ ಅನ್ನಿಸುವುದಿಲ್ವಾ?

ನಮ್ಮ ರನ್ನನಿಗೆ ಅನ್ನಿಸಿತ್ತು. ಗದಾಯುದ್ಧದಲ್ಲಿ ಅವನು ಧೃತರಾಷ್ಟ್ರ ಗಾಂಧಾರಿಯರನ್ನು ಹೆಣಗಳ ನಡುವೆ ಯುದ್ಧಭೂಮಿಗೇ ಕರೆತರುತ್ತಾನೆ. ಉಳಿದಿರುವ ಒಬ್ಬ ಮಗನಾದರೂ ಉಳಿಯಲಿ, ಸಂಧಿ ಮಾಡಿಕೋ ಅಂತ ಕೇಳಿಕೊಳ್ಳಲು ಬರುತ್ತಾರೆ. ಮಗ ಒಪ್ಪುವುದಿಲ್ಲ. ಅದೇ ದುರ್ಯೋಧನ ತನ್ನ ಮಗ ಲಕ್ಷಣನ ಹೆಣದ ಮುಂದೆ ನಿಂತು, ಅಪ್ಪನಿಗೆ ಮಗ ತರ್ಪಣ ಕೊಡಬೇಕಾದದ್ದು, ಮಗನಿಗೆ ಅಪ್ಪ ಕೊಡುವ ಹಾಗಾಯಿತಲ್ಲ ಅಂತ ಅಳುತ್ತಾನೆ. ಮಗನಾಗಿ ಅಪ್ಪನ ಮಾತು ಕೇಳದವನು ಅಪ್ಪನಾಗಿ ಒಡೆದುಹೋಗುತ್ತಾನೆ. ಹತ್ತನೇ ಶತಮಾನದ ಕವಿ ಇಷ್ಟನ್ನು ಮಾಡಿಟ್ಟಿದ್ದಾನೆ. ಈಗಿನ ಪ್ರಯೋಗಗಳಲ್ಲಿ ಮೊದಲು ಕತ್ತರಿ ಬೀಳುವುದು ಅಪ್ಪ ಅಮ್ಮ ಬರುವ ಭಾಗಕ್ಕೆ. ಗದೆ ಹಿಡಿದು ಕುಣಿಯುವ ಭಾಗ ಉಳಿಯುತ್ತದೆ.

ಯುದ್ಧ ಮುಗಿದ ಮೇಲಿನ ಕಥೆಯಂತೂ ಕನ್ನಡದ ರಂಗಕ್ಕೆ ಬರುವುದೇ ಅಪರೂಪ. ಇದಕ್ಕೆ ಒಂದು ಕಾರಣ ಇದೆ ಅಂತ ನನಗನ್ನಿಸುತ್ತದೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ತಿಮ್ಮಣ್ಣ ಕವಿ ಮುಗಿಸಿದರೂ ಜನರ ಬಾಯಲ್ಲಿ ಉಳಿದದ್ದು ಗದುಗಿನ ಭಾರತವೇ. ಹಾಗಾಗಿ ನಮ್ಮ ಆಟಗಳೂ ತೊಡೆ ಮುರಿಯುವಲ್ಲಿಗೆ, ಪಟ್ಟಾಭಿಷೇಕಕ್ಕೆ ಮುಗಿದುಬಿಡುತ್ತವೆ. ಆದರೆ ಮಕ್ಕಳೆಲ್ಲ ಸತ್ತ ಮೇಲೆ ಧೃತರಾಷ್ಟ್ರ ಹದಿನೈದು ವರ್ಷ ಅದೇ ಅರಮನೆಯಲ್ಲಿ ಬದುಕಿದ್ದ. ಯಾರ ಕೂಳು ತಿನ್ನಬೇಕಾಗುತ್ತದೆ ಅಂತ ಮಗ ಹೆದರಿದ್ದನೋ ಅವರದೇ ಕೂಳು ತಿಂದುಕೊಂಡು. ಧರ್ಮರಾಜ ಗೌರವದಿಂದ ನೋಡಿಕೊಂಡ. ಭೀಮನಿಗೆ ಆಗಲಿಲ್ಲ. ಮುದುಕನ ಕಿವಿಗೆ ಬೀಳುವ ಹಾಗೆ ತೋಳು ತಟ್ಟಿಕೊಂಡು, ಕುರುಡನ ಮಕ್ಕಳನ್ನೆಲ್ಲ ಕೊಂದದ್ದು ಇವೇ ತೋಳುಗಳು ಅನ್ನುತ್ತಿದ್ದ. ಮುದುಕ ಯಾರಿಗೂ ಹೇಳದೆ ಊಟ ಕಡಿಮೆ ಮಾಡಿದ. ಕಾಡಿಗೆ ಹೊರಡುವ ಮುಂಚೆ ಮಕ್ಕಳ ಶ್ರಾದ್ಧಕ್ಕೆ ಅಂತ ಹಣ ಕೇಳಿದಾಗಲೂ ಭೀಮ ಕೊಡಕೂಡದು ಅಂದ. ಈ ನಡುವೆ ಒಂದು ಗಳಿಗೆ ಇದೆ. ಉಪವಾಸದಿಂದ ಸೋತು ಧೃತರಾಷ್ಟ್ರ ಎಚ್ಚರ ತಪ್ಪುತ್ತಾನೆ. ಧರ್ಮರಾಜ ತಣ್ಣೀರು ಹಚ್ಚಿ ಎದೆ, ಮುಖ ಸವರುತ್ತಾನೆ. ಎಚ್ಚರವಾದವನು ಕೇಳುವುದು, ಇನ್ನೊಮ್ಮೆ ಮುಟ್ಟು ಅಂತ.

ಅಪ್ಪನನ್ನು ನೋಡಿಕೊಳ್ಳುವ ಪ್ರತಿ ಮಗನಲ್ಲಿ ಧರ್ಮರಾಜನೂ ಇರುತ್ತಾನೆ, ಭೀಮನೂ ಇರುತ್ತಾನೆ. ಬೆಳಿಗ್ಗೆ ಒಬ್ಬ, ಸಂಜೆ ಇನ್ನೊಬ್ಬ. ಇದನ್ನು ಆಡಿ ತೋರಿಸಿದರೆ ನಮ್ಮಂಥ ಮನೆಗಳವರು ಕೂತು ನೋಡುತ್ತೇವೆ. ಸೊಸೆಯಂದಿರೂ ನೋಡುತ್ತಾರೆ. ಹೆಚ್ಚಿನ ಮನೆಗಳಲ್ಲಿ ನಿಜವಾದ ಕೆಲಸ ಮಾಡುವವರು ಅವರೇ. ಗಾಂಧಾರಿಯ ಕಣ್ಣಪಟ್ಟಿಗೆ ಕೈ ಮುಗಿಯುವ ನಾವು ಅವರಿಗೆ ಒಂದು ಸಂಭಾಷಣೆಯನ್ನೂ ಬರೆದಿಲ್ಲ.

ಕಣ್ಣಿಲ್ಲದವರಿಗೆ ರಂಗದ ಗುಟ್ಟು ಏನು ಗೊತ್ತು ಅಂತ ಯಾರಾದರೂ ಕೇಳಬಹುದು. ಅವರು ಗದಗಕ್ಕೆ ಬರಲಿ. ಕುಮಾರವ್ಯಾಸ ಭಾರತ ಬರೆದ ವೀರನಾರಾಯಣ ಗುಡಿ ಇರುವ ಊರಿನಲ್ಲೇ, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಪುಟ್ಟರಾಜರು ಹಾಡಿದರು, ಎಷ್ಟೋ ವಾದ್ಯ ನುಡಿಸಿದರು, ನಾಟಕ ಬರೆದರು. ನಾಟಕ ಕಂಪನಿಯನ್ನೇ ನಡೆಸಿ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಕನ್ನಡದ ವೃತ್ತಿರಂಗಭೂಮಿಯ ಒಂದು ಕಂಪನಿಯನ್ನು ಕಣ್ಣಿಲ್ಲದವರೊಬ್ಬರು ನಡೆಸಿದ್ದಾರೆ. ಹೀಗಿರುವಾಗ ಕಣ್ಣಿಲ್ಲದ ಪಾತ್ರಕ್ಕೆ ಸಲಹೆ ಕೊಡಲು ಕಣ್ಣಿಲ್ಲದವರು ಸಿಗಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಾತ್ರವನ್ನೇ ಅವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮಾಡುವವರಿಗೆ ಇದೇ ಮಾತು ಹೇಳಿದೆ. ಅಂಗವಿಕಲರನ್ನು ಹೀಗಳೆಯುವ ಮಾತು, ಸವಕಲು ಚಿತ್ರಣ ಬೇಡ, ಅವರ ಬಗ್ಗೆ ಏನು ಮಾಡಿದರೂ ಅವರನ್ನು ಜೊತೆಗೆ ಸೇರಿಸಿಕೊಂಡು ಮಾಡಿ ಅಂತ. ನಾಟಕದವರು ಕೋರ್ಟ್ ಹೇಳುವವರೆಗೆ ಕಾಯಬೇಕಾಗಿಲ್ಲ.

ಇಲಾಖೆಯವರಿಗೆ ನನ್ನ ಮಾತು ಬೇರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿ. ಕಲೆ ಅಂಗವಿಕಲರಿಗೆ ಎಟುಕುವ ಹಾಗೆ ಮಾಡುವುದು, ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ನೆರವು ಕೊಡುವುದು ಸರ್ಕಾರದ ಕೆಲಸ ಅಂತ ಅದರಲ್ಲಿ ಬರೆದಿದೆ. ಸಿನಿಮಾ ಮಂದಿರಗಳಲ್ಲಿ ಕಣ್ಣು ಕಾಣದವರಿಗೆ ಧ್ವನಿ ವಿವರಣೆ ಇರಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ನಿಮ್ಮ ಜಿಲ್ಲಾ ರಂಗಮಂದಿರಗಳಿಗೆ ಇದನ್ನು ತನ್ನಿ. ದೊಡ್ಡ ಖರ್ಚೇನೂ ಇಲ್ಲ. ಒಬ್ಬರು ಹಿಂದೆ ಕೂತು ಮೈಕಿನಲ್ಲಿ ಮೆಲ್ಲಗೆ ಹೇಳುತ್ತಾ ಹೋಗಬೇಕು, ನೋಡಲಾಗದವರು ಇಯರ್‌ಫೋನಿನಲ್ಲಿ ಕೇಳಬೇಕು. ಆಟಕ್ಕೆ ಅರ್ಧ ಗಂಟೆ ಮುಂಚೆ ಅವರನ್ನು ರಂಗದ ಮೇಲೆ ಕರೆದುಕೊಂಡು ಹೋಗಿ ಕಿರೀಟ, ಗದೆ, ಸಿಂಹಾಸನ ಮುಟ್ಟಲು ಬಿಡಬೇಕು. ಈಗ ಅಪ್ಪನಿಗೆ ನಾನು ಕಿವಿಯಲ್ಲಿ ಹೇಳುತ್ತೇನೆ. ಮುಂದಿನ ಸಾಲಿನವರು ಹಿಂದೆ ತಿರುಗಿ ಸುಮ್ಮನಿರಿ ಅನ್ನುತ್ತಾರೆ. ಅವರದ್ದೂ ತಪ್ಪಲ್ಲ. ನೀವು ಅನುದಾನ ಕೊಡುವ ನಾಟಕಗಳಲ್ಲಿ ಕೆಲವಕ್ಕಾದರೂ ಈ ವ್ಯವಸ್ಥೆ ಇರಲೇಬೇಕು ಅಂತ ಷರತ್ತು ಹಾಕಿ. ಗಾಲಿಕುರ್ಚಿ ಹೋಗುವ ಇಳಿಜಾರು ಪ್ರೇಕ್ಷಕರ ಬಾಗಿಲಿಗೆ ಮಾತ್ರ ಸಾಲದು. ರಂಗಕ್ಕೂ ಬಣ್ಣದ ಮನೆಗೂ ಬೇಕು. ಅಂಗವಿಕಲರು ನೋಡಲು ಮಾತ್ರ ಬರುತ್ತಾರೆ ಅಂತ ಯಾಕೆ ಅಂದುಕೊಳ್ಳಬೇಕು?

ಈ ಪತ್ರ ಬರೆಯುವ ಮುಂಚೆ ಅಪ್ಪನಿಗೆ ವಿಷಯ ಹೇಳಿದೆ. ನಾವಿಬ್ಬರೂ ಈಗಲೂ ಜಗಳ ಆಡುತ್ತೇವೆ. ಆದರೆ ಧೃತರಾಷ್ಟ್ರನ ವಿಷಯದಲ್ಲಿ ಒಂದೇ ಪಕ್ಷ. ‘ಕಣ್ಣಿಲ್ಲಂತ ಅಂವಗ ರಾಜ್ಯ ಕೊಡಲಿಲ್ಲ. ಆಮ್ಯಾಲೆ ಮಗನ್ನ ತಿದ್ದಲಿಲ್ಲ ಅಂತ ಅಂವಗ ಬೈತಾರ. ಅಂವನ ಮಾತ ಯಾರು ಕೇಳ್ತಿದ್ರು?’ ಅಂದರು. ಈ ಮಾತನ್ನು ಯಾರಾದರೂ ನಾಟಕದಲ್ಲಿ ಬಳಸಿಕೊಂಡರೆ ಅವರ ಅಭ್ಯಂತರ ಇಲ್ಲ.

ಯಾವುದೇ ತಂಡ ಈ ಅಪ್ಪ ಮಗನ ನಾಟಕ ಕೈಗೆತ್ತಿಕೊಂಡರೆ ನಾವಿಬ್ಬರೂ ತಾಲೀಮಿಗೆ ಬರುತ್ತೇವೆ. ಹಣ ಬೇಡ. ಅಪ್ಪನದ್ದು ಒಂದೇ ಷರತ್ತು. ಧೃತರಾಷ್ಟ್ರನ ಪಾತ್ರ ಮಾಡುವವರು ಮೊದಲು ಒಂದು ದಿನ ನಮ್ಮ ಅಂಗಡಿಗೆ ಬರಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡಲು ಅಲ್ಲ. ಪಕ್ಕದಲ್ಲಿ ಕೂತು, ಅವರು ವ್ಯಾಪಾರ ಮಾಡುವುದನ್ನು ನೋಡಲು. ಸೋಮವಾರ ಬಿಟ್ಟು ಯಾವ ದಿನ ಬೇಕಾದರೂ ಬರಬಹುದು.

ಇಂತಿ ನಿಮ್ಮ,
ಗದಗ ಜಿಲ್ಲೆಯ ಒಬ್ಬ ಪ್ರೇಕ್ಷಕ